ಆರಿದ್ರಾ ಮಳೆ ಹೊಯ್ತಿದೆ, ಆರಿದ್ರಾ ನಕ್ಷತ್ರ ಎಲ್ಲಿ? ಮಗಳಿಗೆ ಉತ್ತರ ಹೇಳ್ಬೇಕು

ಹೊಸನಗರದಕ್ಕ · ಜೂನ್ 25, ರಾತ್ರಿ 8.50

ನಮಸ್ಕಾರ ಎಲ್ರಿಗೂ. ನಮ್ಮಲ್ಲಿ ನಾಕು ದಿನದಿಂದ ಕರೆಂಟಿಲ್ಲ, ಮೊಬೈಲನ್ನ ಕಾರಲ್ಲಿ ಚಾರ್ಜ್ ಮಾಡ್ಕೊಂಡು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕಳಿ.

ವಿಷಯ ಎಂತ ಅಂದ್ರೆ, ನಮ್ಮತ್ತೆ ದಿನಾ ಬೆಳಿಗ್ಗೆ ಗೋಡೆ ಪಂಚಾಂಗ ನೋಡೋರು. ಮೊನ್ನೆ "ಆರಿದ್ರಾ ಹುಟ್ಟಿ ಮೂರು ದಿನ ಆಯ್ತು, ಇನ್ನು ಆರೋದಿಲ್ಲ ಬಿಡು" ಅಂದ್ರು. ನನ್ ಮಗಳು, ನಾಲ್ಕನೇ ಕ್ಲಾಸು, ಆರಿದ್ರಾ ಅಂದ್ರೆ ಎಂತ ಅಂದ್ಲು. ನಕ್ಷತ್ರ ಕಣೇ ಅಂದೆ. ತೋರ್ಸು ಅಂದ್ಲು. ಮೋಡ ಇದೆಯಲ್ಲ ಪುಟ್ಟಾ ಅಂದ್ರೆ "ಮೋಡ ಹೋದ್ಮೇಲೆ ತೋರಿಸ್ತೀಯಾ, ಪ್ರಾಮಿಸ್ ಮಾಡು" ಅಂತ ಕೈ ಹಿಡ್ಕೊಂಡ್ಲು. ಆಯ್ತು ಅಂತ ಪ್ರಾಮಿಸ್ ಮಾಡಿ, ಆಮೇಲೆ ಮೊಬೈಲಲ್ಲಿ ಆಕಾಶ ತೋರ್ಸೋ ಒಂದು ಆಪ್ ಹಾಕ್ಕೊಂಡು ನೋಡಿದ್ರೆ ಆರಿದ್ರಾ ಹಗಲು ಹೊತ್ತಲ್ಲಿ ಸೂರ್ಯನ ಪಕ್ಕ ಕೂತಿದೆ! ಸೂರ್ಯನ ಜೊತೆ ಹುಟ್ಟುತ್ತೆ, ಜೊತೆಗೇ ಮುಳುಗುತ್ತೆ. ಅಂದ್ರೆ ಮೋಡ ಇಲ್ದಿದ್ರೂ ಕಾಣಲ್ಲ. ಇದ್ಯಾವ ಸೀಮೆ ಲೆಕ್ಕ? ಆರಿದ್ರಾ ಮಳೆ ಟೈಮಲ್ಲಿ ಆರಿದ್ರಾನೇ ಕಾಣಲ್ವಾ? ಆಪ್ ತಪ್ಪಾ, ಪಂಚಾಂಗ ತಪ್ಪಾ?

ಇಂಬಳ · ಜೂನ್ 25, ರಾತ್ರಿ 9.05

ಅಕ್ಕಾ, ನಮ್ ಸಾಗರದ ಕಡೆ ಈಗ ಸೂರ್ಯನೇ ಕಂಡು ಒಂದು ವಾರ ಆಯ್ತು, ನೀವು ಸೂರ್ಯನ ಪಕ್ಕದಲ್ಲಿರೋದನ್ನ ಹುಡುಕ್ತಿದೀರಿ.

ಬೂಷ್ಟು ಲೆನ್ಸ್ · ಜೂನ್ 25, ರಾತ್ರಿ 10.20

ಅಕ್ಕಾ, ಆಪೂ ಸರಿ, ಪಂಚಾಂಗಾನೂ ಸರಿ. ಆರಿದ್ರಾ ಕಾಣಲ್ಲ ಅನ್ನೋ ಕಾರಣಕ್ಕೇ ಇದಕ್ಕೆ ಆರಿದ್ರಾ ಮಳೆ ಅಂತ ಹೆಸರು.

ಮಗಳಿಗೆ ಹೀಗೆ ಹೇಳಿ ನೋಡಿ. ಅಂಗಳದ ಮಧ್ಯ ಒಂದು ಕಂಬಕ್ಕೆ ಬಲ್ಬ್ ಕಟ್ಟಿದೀರ ಅಂತ ಇಟ್ಕಳಿ, ಅದೇ ಸೂರ್ಯ. ಮಗಳು ಭೂಮಿ, ಕಂಬದ ಸುತ್ತ ನಿಧಾನಕ್ಕೆ ನಡೀತಾಳೆ. ಒಂದು ಕಡೆಯಿಂದ ನೋಡಿದ್ರೆ ಬಲ್ಬಿನ ಹಿಂದೆ ಕೊಟ್ಟಿಗೆ ಇರುತ್ತೆ, ನಾಕು ಹೆಜ್ಜೆ ಹೋದ್ರೆ ಬಚ್ಚಲು ಮನೆ, ಇನ್ನೊಂಚೂರು ಹೋದ್ರೆ ಬಾವಿ, ಹುಲ್ಲು ಬಣವೆ, ತುಳಸಿ ಕಟ್ಟೆ. ಬಲ್ಬಿನ ಬೆಳಕು ಕಣ್ಣಿಗೆ ಹೊಡೆಯೋದ್ರಿಂದ ಅದರ ಹಿಂದೆ ಇರೋದು ಮಾತ್ರ ಕಾಣಲ್ಲ, ಬೆನ್ನ ಹಿಂದಿರೋದೆಲ್ಲ ತಿರುಗಿ ನೋಡಿದ್ರೆ ಚೆನ್ನಾಗಿ ಕಾಣುತ್ತೆ. ಈಗ ಬಲ್ಬಿನ ಹಿಂದೆ ಕೊಟ್ಟಿಗೆ ಇದ್ದಾಗ ಮಳೆ ಬಂದ್ರೆ "ಕೊಟ್ಟಿಗೆ ಮಳೆ", ಬಾವಿ ಇದ್ದಾಗ ಬಂದ್ರೆ "ಬಾವಿ ಮಳೆ" ಅಂತ ಹೆಸರಿಟ್ಟ ಹಾಗೆ ಇದು, ಅಷ್ಟೇ.

ಆಕಾಶದ ಸುತ್ತನ್ನ ಹಿಂದಿನೋರು 27 ಪಾಲು ಮಾಡಿದ್ರು. 360 ಡಿಗ್ರೀನ 27ರಿಂದ ಭಾಗಿಸಿದ್ರೆ ಒಂದೊಂದು ಪಾಲಿಗೆ 13 ಡಿಗ್ರಿ ಮೇಲೆ ಚೂರು ಬರುತ್ತೆ. ಸೂರ್ಯ ದಿನಕ್ಕೆ ಹತ್ರಹತ್ರ ಒಂದು ಡಿಗ್ರಿ ಸರೀತಾನೆ (ಸರಿಯೋದು ನಾವು, ಇರಲಿ). ಅದಕ್ಕೇ ಒಂದೊಂದು ಮಳೆ ನಕ್ಷತ್ರ 13-14 ದಿನ ಇರೋದು. ಜೂನ್ 21-22ಕ್ಕೆ ಆರಿದ್ರಾ ಹುಟ್ಟಿದ್ರೆ ಜುಲೈ 5-6ಕ್ಕೆ ಪುನರ್ವಸು.

ಒಟ್ನಲ್ಲಿ ನಮ್ ಮಳೆ ನಕ್ಷತ್ರದ ಪಟ್ಟಿ ಅಂದ್ರೆ ಈಗ ಯಾವ ನಕ್ಷತ್ರ ಕಾಣೆಯಾಗಿದೆ ಅನ್ನೋ ಪಟ್ಟಿ. ನಂಗೆ ಇದು ಗೊತ್ತಾದಾಗ ಮೂವತ್ತು ದಾಟಿತ್ತು, ಅಲ್ಲಿವರೆಗೆ ನಾನೂ ಆರಿದ್ರಾ ಮಳೇಲಿ ಆರಿದ್ರಾ ತಲೆ ಮೇಲಿರುತ್ತೆ ಅಂತಾನೇ ಅಂದ್ಕೊಂಡಿದ್ದೆ.

ಪಂಚಾಂಗದ ಮಾಣಿ · ಜೂನ್ 26, ಬೆಳಿಗ್ಗೆ 6.15

ಸರಿಯಾಗಿ ಹೇಳಿದ್ರಿ ಅಣ್ಣ. ಪಂಚಾಂಗದಲ್ಲಿ ಇದಕ್ಕೆ ಮಹಾನಕ್ಷತ್ರ ಅಂತ ಬರ್ದಿರುತ್ತೆ, ಅಂದ್ರೆ ಸೂರ್ಯ ಇರೋ ನಕ್ಷತ್ರ. ದಿನದ ನಕ್ಷತ್ರ ಅಂತ ಬೇರೆ ಇರುತ್ತಲ್ಲ, ಮಗು ಹುಟ್ಟಿದಾಗ ನೋಡೋದು, ಅದು ಚಂದ್ರ ಇರೋ ನಕ್ಷತ್ರ. ಚಂದ್ರ ಒಂದೊಂದು ಪಾಲನ್ನ ಸುಮಾರು ಒಂದು ದಿನದಲ್ಲಿ ದಾಟ್ತಾನೆ, ಸೂರ್ಯಂಗೆ 13-14 ದಿನ ಬೇಕು. ಜನ ಎರಡನ್ನೂ ಕಲಸ್ಕೊಂಡು "ನನ್ ನಕ್ಷತ್ರ ಆರಿದ್ರಾ, ಮಳೇಲಿ ಹುಟ್ಟಿರ್ಬೇಕು" ಅಂತಾರೆ. ನಮ್ಮಪ್ಪಯ್ಯಂದು ಆರಿದ್ರಾ ನಕ್ಷತ್ರ, ಹುಟ್ಟಿದ್ದು ಮಾಘ ಮಾಸದಲ್ಲಿ.

ಬೆಂಗ್ಳೂರಿಗೆ ಹೋದವ · ಜೂನ್ 26, ಮಧ್ಯಾಹ್ನ 1.30

ಒಂದು ಡೌಟು. ನಕ್ಷತ್ರ ಕಾಣೋದೇ ಇಲ್ಲ ಅಂದ್ಮೇಲೆ ಸೂರ್ಯ ಅದರ ಹತ್ರ ಇದಾನೆ ಅಂತ ಆಪೂ ಇಲ್ಲದ ಕಾಲದಲ್ಲಿ ಹೆಂಗ್ ಕಂಡುಹಿಡಿದ್ರು? ಇದೆಲ್ಲ ಆಮೇಲೆ ಜೋಡಿಸಿದ ಕಥೆ ಅನ್ಸುತ್ತೆ. ಮತ್ತೆ ನಕ್ಷತ್ರಕ್ಕೂ ಮಳೆಗೂ ಎಂತ ಸಂಬಂಧ, ಮಳೆ ಬರೋದು ಅರಬ್ಬೀ ಸಮುದ್ರದ ಗಾಳಿಯಿಂದ.

ತುಂಗೆ ದಡದ ಮಾಷ್ಟ್ರು · ಜೂನ್ 26, ಸಂಜೆ 5.10

ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದೆ, ಒಬ್ಬನೂ ಇದನ್ನ ಕೇಳ್ಲಿಲ್ಲ.

ಕಂಡುಹಿಡಿಯೋಕೆ ಎರಡು ದಾರಿ. ಒಂದು, ಸಂಜೆ ಸೂರ್ಯ ಮುಳುಗಿದ ಕೂಡ್ಲೆ ಪಡುವಣದಲ್ಲಿ ಯಾವ ನಕ್ಷತ್ರ ಕಡೇದಾಗಿ ಕಂಡು ಮುಳುಗುತ್ತೆ, ಬೆಳಗಿನ ಜಾವ ಮೂಡಣದಲ್ಲಿ ಯಾವುದು ಮೊದಲು ಏಳುತ್ತೆ ಅಂತ ನೋಡೋದು. ಈ ಎರಡರ ಮಧ್ಯ ಇರೋದೇ ಸೂರ್ಯನ ಜಾಗ. ಇನ್ನೊಂದು ಇನ್ನೂ ಸಲೀಸು, ಹುಣ್ಣಿಮೆ ಚಂದ್ರ ಯಾವಾಗ್ಲೂ ಸೂರ್ಯನ ಎದುರು ದಿಕ್ಕಿಗೆ ಇರ್ತಾನೆ. ಇವತ್ತು ಹುಣ್ಣಿಮೆ ಚಂದ್ರ ಮೂಲಾ ನಕ್ಷತ್ರದ ಹತ್ರ ಇದ್ರೆ, 27ರ ಸುತ್ತಿನಲ್ಲಿ ಅರ್ಧ ಎಣಿಸಿದ್ರೆ ಆರಿದ್ರಾ ಸಿಕ್ತು. ಕಾಣದ ನಕ್ಷತ್ರದ ವಿಳಾಸ ಚಂದ್ರನೇ ಹೇಳ್ತಾನೆ. ನಮ್ಮ ಮಾಸಗಳ ಹೆಸರೂ ಹಾಗೇ ಬಂದಿದ್ದು, ಚಿತ್ತೆ ಹತ್ರ ಹುಣ್ಣಿಮೆ ಆದ್ರೆ ಚೈತ್ರ, ವಿಶಾಖ ಹತ್ರ ಆದ್ರೆ ವೈಶಾಖ, ಕೃತ್ತಿಕೆ ಹತ್ರ ಆದ್ರೆ ಕಾರ್ತಿಕ.

ಇನ್ನು ನಕ್ಷತ್ರ ಮಳೆ ತರೋದಿಲ್ಲ ಅನ್ನೋದು ಸರೀನೇ. ನಮ್ಮಜ್ಜನಿಗೂ ಅದು ಗೊತ್ತಿತ್ತು ಅಂತ ಕಾಣುತ್ತೆ, ಯಾಕಂದ್ರೆ ಮಳೆ ಬಾರದಿದ್ರೆ ಆರಿದ್ರೆಯನ್ನ ಬಯ್ತಿರ್ಲಿಲ್ಲ, ಗಾಳಿ ತಿರುಗ್ಲಿಲ್ಲ ಅಂತಿದ್ದ. ಚಾಂದ್ರಮಾನ ತಿಂಗಳು ಅಧಿಕ ಮಾಸ ಬಂದಾಗ ಹಿಂದೆ ಮುಂದೆ ಆಗುತ್ತೆ, ಬಿತ್ತೋನಿಗೆ ಅದು ಪ್ರಯೋಜನಕ್ಕೆ ಬರೋದಿಲ್ಲ. ಸೂರ್ಯನ ಲೆಕ್ಕ ಹಂಗಲ್ಲ, ಪ್ರತಿ ವರ್ಷ ಅದೇ ದಿನಕ್ಕೆ ಬಂದು ನಿಲ್ಲುತ್ತೆ. ರೈತನಿಗೆ ಬೇಕಿದ್ದು ಅದು.

ಇಂಬಳ · ಜೂನ್ 26, ರಾತ್ರಿ 8.00

ನಮ್ಮನೇಲಿ ಈಗಲೂ ಅಡಿಕೆಗೆ ಔಷಧಿ ಹೊಡೆಯೋದು ಹಿಂಗೇ ಲೆಕ್ಕ. "ಆರಿದ್ರಾ ಹುಟ್ಟೋದ್ರೊಳಗೆ ಒಂದು ಸರ್ತಿ ಹೊಡೀಬೇಕು, ಇಲ್ದಿದ್ರೆ ಕೊಳೆರೋಗ ಗ್ಯಾರಂಟಿ" ಅಂತ ಅಪ್ಪಯ್ಯ. ಈ ಸಲ ಮರ ಹತ್ತಿ ಹೊಡೆಯೋ ಕೊನೆಗೌಡ ಕೈ ಕೊಟ್ಟ, ಮೈಲುತುತ್ತ ಸುಣ್ಣ ಡ್ರಮ್ಮಲ್ಲಿ ಹಾಗೇ ಕೂತಿದೆ. ಜೂನ್ 21 ಅಂತ ಮೊಬೈಲಲ್ಲಿ ರಿಮೈಂಡರ್ ಇಟ್ಟಿದ್ರೂ ಅಷ್ಟೇ ಆಗ್ತಿತ್ತು ಬಿಡಿ.

ಹೊಸನಗರದಕ್ಕ · ಜೂನ್ 27, ಸಂಜೆ 7.15

ಬಲ್ಬಿನ ಆಟ ಆಡಿಸ್ದೆ! ಕರೆಂಟಿಲ್ವಲ್ಲ, ಜಗಲಿ ಮಧ್ಯ ಲಾಟೀನು ಇಟ್ಟು ಸುತ್ತ ನಡೆಸಿದೆ. "ಈಗ ಅಜ್ಜಿ ಮಳೆ, ಈಗ ಬೆಕ್ಕಿನ ಮಳೆ, ಈಗ ಭತ್ತದ ಚೀಲದ ಮಳೆ" ಅಂತ ಹತ್ತು ಸುತ್ತು ಹೊಡೆದ್ಲು, ಅತ್ತೆ ಕೂತಲ್ಲೇ ನಕ್ಕೂ ನಕ್ಕೂ ಸಾಕಾಯ್ತು. ಬೆಕ್ಕು ಎದ್ದು ಹೋಗಿದ್ದಕ್ಕೆ "ನಕ್ಷತ್ರ ಎದ್ದು ಹೋಯ್ತು, ಈಗೆಂತ ಮಾಡೋದು" ಅಂತ ಕೇಳಿದ್ಲು. ಅದಕ್ಕೂ ಉತ್ತರ ಇದ್ರೆ ಹೇಳಿ. ನಕ್ಷತ್ರ ಎದ್ದು ಹೋಗುತ್ತಾ?

ಬೂಷ್ಟು ಲೆನ್ಸ್ · ಜೂನ್ 27, ರಾತ್ರಿ 11.00

ಆರಿದ್ರಾ ವಿಷಯದಲ್ಲಿ ಅದು ತಮಾಷೆ ಪ್ರಶ್ನೆ ಅಲ್ಲ ಅಕ್ಕಾ. ಬೆಕ್ಕಿನ ಥರ ಎದ್ದು ಹೋಗಲ್ಲ, ಸಿಡಿದು ಹೋಗುತ್ತೆ.

ಇಂಗ್ಲಿಷಲ್ಲಿ ಇದನ್ನ ಬೆಟೆಲ್‌ಜ್ಯೂಸ್ ಅಂತಾರೆ. ಮಹಾವ್ಯಾಧ (ಓರಿಯನ್) ಅನ್ನೋ ನಕ್ಷತ್ರಪುಂಜದ ಹೆಗಲ ಮೇಲೆ ಕೆಂಪಗೆ ಕಾಣೋದು. ಎಷ್ಟು ದೊಡ್ಡದು ಅಂದ್ರೆ ನಮ್ ಸೂರ್ಯನ್ನ ತೆಗೆದು ಆ ಜಾಗದಲ್ಲಿ ಇದನ್ನ ಇಟ್ರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲ ಅದರ ಹೊಟ್ಟೆಯೊಳಗೆ. ವಯಸ್ಸು ಮಾತ್ರ ಚಿಕ್ಕದು, ಬರೀ ಒಂದು ಕೋಟಿ ವರ್ಷದ ಆಸುಪಾಸು, ನಮ್ ಸೂರ್ಯಂದು 460 ಕೋಟಿ. ತೂಕ ಜಾಸ್ತಿ ಇರೋ ನಕ್ಷತ್ರ ಉರುವಲನ್ನ ದಬದಬ ಸುಡುತ್ತೆ, ಬೇಗ ಮುಗಿಸುತ್ತೆ. ಒಳಗಿನ ಒಲೆ ಆರಿದ ಕ್ಷಣ ಸ್ವಂತ ಭಾರಕ್ಕೆ ಮಧ್ಯಭಾಗ ಕುಸಿದು ಹೊರಗಿಂದೆಲ್ಲ ಸಿಡಿಯುತ್ತೆ. ಅದೇ ಸೂಪರ್‌ನೋವಾ. ಯಾವಾಗ ಅಂದ್ರೆ ಮುಂದಿನ ಒಂದು ಲಕ್ಷ ವರ್ಷದೊಳಗೆ ಯಾವಾಗ ಬೇಕಾದ್ರೂ. ನಕ್ಷತ್ರದ ಲೆಕ್ಕದಲ್ಲಿ ಅದು ನಾಳೆ ನಾಡಿದ್ದು.

2019ರ ಕೊನೇಲಿ ಅದು ಇದ್ದಕ್ಕಿದ್ದಂಗೆ ಮಂಕಾಯ್ತು, ನೆನಪಿರ್ಬಹುದು. 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಬೆಳಕಿನ ಅರ್ಧಕ್ಕಿಂತ ಕೆಳಗೆ ಬಂತು. ನಾನು ಮನೆ ಟೆರೇಸ್ ಮೇಲೆ ನಿಂತು ರೋಹಿಣಿ ಜೊತೆ ಹೋಲಿಸ್ತಿದ್ದೆ, ಯಾವಾಗ್ಲೂ ರೋಹಿಣಿಗಿಂತ ಜೋರಾಗಿರೋದು ಆ ವರ್ಷ ರೋಹಿಣಿ ಮುಂದೆ ಸಪ್ಪೆ. ಈಗ ಸಿಡಿಯುತ್ತೆ ಈಗ ಸಿಡಿಯುತ್ತೆ ಅಂತ ಪೇಪರಿನವರೆಲ್ಲ ಬರೆದ್ರು. ಆದ್ರೆ ಆಮೇಲೆ ಗೊತ್ತಾಯ್ತು, ನಕ್ಷತ್ರ ತನ್ನ ಮೈಯಿಂದ ಒಂದು ದೊಡ್ಡ ಮುದ್ದೆ ಅನಿಲವನ್ನ ಉಗುಳಿತ್ತು, ಅದು ತಣ್ಣಗಾಗಿ ಧೂಳಾಗಿ ನಮ್ ಕಡೆಗೇ ಅಡ್ಡ ನಿಂತಿತ್ತು. ಅಂದ್ರೆ ಆರಿದ್ರಾಗೂ ಮೋಡ ಮುಚ್ಚಿತ್ತು ಅಂತ ಇಟ್ಕಳಿ.

ಮಜಾ ಇರೋದು ಮುಂದೆ. ಇಷ್ಟೆಲ್ಲ ಆಗಿ ಇನ್ನೇನು ಮಾಡುತ್ತೋ ಅಂತ ಪ್ರಪಂಚವೆಲ್ಲ ಕಾಯ್ತಿರೋವಾಗ ಜೂನ್ ಬಂತು, ಆರಿದ್ರಾ ಮಳೆ ಹುಟ್ತು, ನಕ್ಷತ್ರ ಸೂರ್ಯನ ಪಕ್ಕ ಹೋಗಿ ಅಡಗಿತು. ರಾತ್ರಿ ಆಕಾಶ ನೋಡೋ ಯಾವ ಟೆಲಿಸ್ಕೋಪಿಗೂ ಸಿಗಲ್ಲ. ಆಗ ನಾಸಾದವರು ಸ್ಟೀರಿಯೋ ಅನ್ನೋ ನೌಕೆಯನ್ನ ತಿರುಗಿಸಿ ಅದರಿಂದ ನೋಡಿದ್ರು. ಅದು ಸೂರ್ಯನ್ನ ಸುತ್ತುತ್ತಾ ಭೂಮಿಯಿಂದ ದೂರ ಬೇರೆ ಮೂಲೇಲಿತ್ತು. ಅಂಗಳದ ಲೆಕ್ಕದಲ್ಲಿ ನಿಮಗೆ ಬಲ್ಬಿನ ಹಿಂದಿರೋ ಕೊಟ್ಟಿಗೆ ಕಾಣಲ್ಲ, ಆದ್ರೆ ಜಗಲಿ ಮೇಲೆ ಕೂತ ಅಜ್ಜಿಗೆ ಕಾಣುತ್ತೆ, ಅಜ್ಜೀನ ಕೇಳಿದ ಹಾಗೆ. ನೋಡಿದ್ರೆ ಆರಿದ್ರಾ ಮತ್ತೆ ಮಂಕಾಗ್ತಿತ್ತು.

ಹೊಸನಗರದಕ್ಕ · ಜೂನ್ 28, ಬೆಳಿಗ್ಗೆ 9.30

ಅಯ್ಯೋ ಇದು ಚೆನ್ನಾಗಿದೆ. ಸರಿ ಈ ಮಳೇಲೇ, ನಮಗೆ ಕಾಣದೇ ಇರೋ ಟೈಮಲ್ಲೇ ಸಿಡಿದ್ರೆ? ಅಷ್ಟು ದೊಡ್ಡ ತಮಾಷೆ ನೋಡೋಕೇ ಆಗಲ್ವಲ್ಲ. ನಮಗೆ ಏನಾದ್ರೂ ಆಗುತ್ತಾ?

ತುಂಗೆ ದಡದ ಮಾಷ್ಟ್ರು · ಜೂನ್ 28, ಬೆಳಿಗ್ಗೆ 11.00

ಏನೂ ಆಗಲ್ಲ ತಂಗಿ, ಅದು ನೂರಾರು ಜ್ಯೋತಿರ್ವರ್ಷ ದೂರ ಇದೆ, ಬೆಳಕು ಬರೋಕೇ ಐನೂರು ಆರುನೂರು ವರ್ಷ ಬೇಕು. ಹಾಗಾಗಿ ಈಗಾಗ್ಲೇ ಸಿಡಿದಿದ್ದು ಸುದ್ದಿ ದಾರೀಲಿದ್ರೂ ಇರಬಹುದು.

ಕಾಣದೇ ಇದ್ರೂ ಗೊತ್ತಾಗುತ್ತೆ, ಅದೂ ಬೆಳಕಿಗಿಂತ ಮೊದಲೇ. ನಕ್ಷತ್ರದ ಮಧ್ಯಭಾಗ ಕುಸಿದಾಗ ನ್ಯೂಟ್ರಿನೋ ಅನ್ನೋ ಕಣಗಳು ಲೆಕ್ಕವಿಲ್ಲದಷ್ಟು ಹೊರಡ್ತವೆ. ಬೆಳಕು ನಕ್ಷತ್ರದ ಪದರಗಳನ್ನ ಸೀಳ್ಕೊಂಡು ಬರ್ಬೇಕು, ನ್ಯೂಟ್ರಿನೋಗೆ ಯಾವ ಅಡ್ಡಿಯೂ ಇಲ್ಲ, ಮೋಡ ಗುಡ್ಡ ಭೂಮಿ ಎಲ್ಲದರಲ್ಲೂ ತೂರ್ಕೊಂಡು ಹೋಗುತ್ತೆ. 1987ರ ಫೆಬ್ರವರಿ 23ರಂದು ಪಕ್ಕದ ಒಂದು ಪುಟ್ಟ ಗೆಲಾಕ್ಸಿಯಲ್ಲಿ ನಕ್ಷತ್ರ ಸಿಡಿದಾಗ ಜಪಾನ್, ಅಮೆರಿಕ, ರಷ್ಯಾದ ಮೂರು ಕಡೆ ನೆಲದಡಿಯ ಉಪಕರಣಗಳಿಗೆ ಒಟ್ಟು 25ರಷ್ಟು ನ್ಯೂಟ್ರಿನೋ ಸಿಕ್ಕವು, ಬೆಳಕು ಕಾಣೋದಕ್ಕಿಂತ ಕೆಲವು ಗಂಟೆ ಮೊದಲು. ಅಷ್ಟು ಕೋಟಿ ಕೋಟಿ ಹೊರಟು ಸಿಕ್ಕಿದ್ದು 25. ಅಂದಹಾಗೆ ನ್ಯೂಟ್ರಿನೋ ಕಥೇಲಿ ನಮ್ಮ ಕರ್ನಾಟಕದ್ದೂ ಒಂದು ಪಾತ್ರ ಇದೆ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳನ್ನ ಪ್ರಪಂಚದಲ್ಲಿ ಮೊದಲು ಗುರುತಿಸಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ಕೋಲಾರದ ಚಿನ್ನದ ಗಣಿ ಆಳದಲ್ಲಿ ನಡೀತು. ಆ ಗಣಿ ಮುಚ್ಚಿದ ವಿಷಯ ಎತ್ತಿದ್ರೆ ನಂಗೆ ಬೇಜಾರಾಗುತ್ತೆ, ಬೇಡ.

ಬೆಂಗ್ಳೂರಿಗೆ ಹೋದವ · ಜೂನ್ 28, ಮಧ್ಯಾಹ್ನ 2.45

1054ರಲ್ಲಿ ಬೇರೊಂದು ನಕ್ಷತ್ರ ಸಿಡಿದಿದ್ದನ್ನ ಚೀನಾದವರು ಬರೆದಿಟ್ಟಿದಾರಲ್ಲ, ಹಗಲಲ್ಲೇ 23 ದಿನ ಕಾಣ್ತಿತ್ತಂತೆ. ಅದು ಶುರುವಾಗಿದ್ದು ಜುಲೈ ತಿಂಗಳು.

ಇಂಬಳ · ಜೂನ್ 28, ಮಧ್ಯಾಹ್ನ 2.52

ಜುಲೈನಾ? ಹಾಗಾದ್ರೆ ನಮ್ಮೂರೋರು ಕಂಬಳಿಕೊಪ್ಪೆ ಹಾಕ್ಕೊಂಡು ನಾಟಿ ಮಾಡ್ತಿದ್ರು, ತಲೆ ಎತ್ತಿರೋಕೆ ಸಾಧ್ಯಾನೇ ಇಲ್ಲ 😄

ಪಂಚಾಂಗದ ಮಾಣಿ · ಜೂನ್ 29, ಬೆಳಿಗ್ಗೆ 6.40

ಒಂದು ಸಣ್ಣ ತಿದ್ದುಪಡಿ, ಬೇಜಾರ್ ಮಾಡ್ಕೊಬೇಡಿ ಅಣ್ಣ. ಸೂರ್ಯ ಆರಿದ್ರಾ ನಕ್ಷತ್ರದ ನೇರಕ್ಕೆ ಬರೋದು ಜೂನ್ 20ರ ಹೊತ್ತಿಗೆ, ಆರಿದ್ರಾ ಪಾಲು ಶುರುವಾಗೋದು 21-22ಕ್ಕೆ. ಅಂದ್ರೆ ನಕ್ಷತ್ರ ತನ್ನ ಮನೆಯೊಳಗಿಲ್ಲ, ಬೇಲಿಯಾಚೆ ಮೃಗಶಿರದ ಜಾಗದಲ್ಲಿ ಚೂರು ನಿಂತಿದೆ. 27 ಸಮ ಪಾಲು ಮಾಡಿದ್ದು ಲೆಕ್ಕದ ಅನುಕೂಲಕ್ಕೆ, ನಕ್ಷತ್ರಗಳು ಆ ಅಳತೆಗೆ ಸರಿಯಾಗಿ ಕೂತಿಲ್ಲ. ಸ್ವಾತಿಯಂತೂ ಸೂರ್ಯನ ದಾರಿಯಿಂದ 30 ಡಿಗ್ರಿ ಉತ್ತರಕ್ಕಿದೆ, ಸ್ವಾತಿ ಮಳೆ ಟೈಮಲ್ಲಿ ಅದು ಪೂರ್ತಿ ಅಡಗೋದೂ ಇಲ್ಲ.

ಇನ್ನೊಂದು ಕೇಳ್ಬೇಕಿತ್ತು. ನಮ್ಮಜ್ಜ ಯಾವಾಗ್ಲೂ "ಈಗ ಮಳೆ ನಕ್ಷತ್ರ ದಾರಿ ತಪ್ಪಿದಾವೆ, ಮೊದಲು ಮೃಗಶಿರಕ್ಕೇ ಹೊಳೆ ತುಂಬೋದು" ಅಂತಾರೆ. ಭೂಮಿ ಅಕ್ಷ ತಿರುಗೋದ್ರಿಂದ ನಕ್ಷತ್ರದ ಲೆಕ್ಕ ಋತುವಿನಿಂದ ಜಾರುತ್ತೆ ಅಂತ ಓದಿದೀನಿ. ಅದಕ್ಕೇನಾ ಇದು?

ಬೂಷ್ಟು ಲೆನ್ಸ್ · ಜೂನ್ 29, ರಾತ್ರಿ 9.15

ತಿದ್ದುಪಡಿ ಒಪ್ಪಿದೆ ಮಾಣಿ, ನಾನು ಇಷ್ಟು ಸೂಕ್ಷ್ಮ ನೋಡಿರ್ಲಿಲ್ಲ.

ಜಾರೋದು ನಿಜ. ಬುಗುರಿ ಸುಸ್ತಾಗುವಾಗ ತಲೆ ಆಡಿಸ್ತಾ ತಿರುಗುತ್ತಲ್ಲ, ಭೂಮಿಯ ಅಕ್ಷವೂ ಹಂಗೇ ಒಂದು ಸುತ್ತು ತಲೆ ಆಡಿಸುತ್ತೆ, ಅದಕ್ಕೆ ಸುಮಾರು 25,800 ವರ್ಷ ಬೇಕು. ಇದರಿಂದ ಮಳೆ ನಕ್ಷತ್ರ ಕ್ಯಾಲೆಂಡರಿನಲ್ಲಿ 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತೆ. ಸುಮಾರು 1,700 ವರ್ಷದ ಹಿಂದೆ ಆರಿದ್ರಾ ಹುಟ್ತಿದ್ದು ಈಗಿನ ಕ್ಯಾಲೆಂಡರ್ ಲೆಕ್ಕದಲ್ಲಿ ಮೇ ಕೊನೇ ವಾರದಲ್ಲಿ. ಇನ್ನೂ ಸಾವಿರ ವರ್ಷ ಹೋದ್ರೆ ಈಗ ಪುನರ್ವಸು ಹುಟ್ಟೋ ದಿನಕ್ಕೆ ಆರಿದ್ರಾ ಹುಟ್ಟುತ್ತೆ, ಆಗ ಗಾದೆಗಳನ್ನೆಲ್ಲ ಒಂದೊಂದು ಮನೆ ಸರಿಸ್ಬೇಕು.

ಆದ್ರೆ ನಿಮ್ಮಜ್ಜ ನೋಡಿದ ವ್ಯತ್ಯಾಸಕ್ಕೆ ಇದು ಕಾರಣ ಅಲ್ಲ. ಅಜ್ಜನ ಇಡೀ ಆಯಸ್ಸಿಗೆ ಜಾರಿದ್ದು ಒಂದೇ ದಿನ. ಮೃಗಶಿರಕ್ಕೆ ಹೊಳೆ ತುಂಬದಿದ್ರೆ ಅದು ಮುಂಗಾರಿನ ಕಥೆ, ಆ ತಪ್ಪನ್ನ ನಕ್ಷತ್ರದ ತಲೆಗೆ ಕಟ್ಟೋದು ಬೇಡ.

ತುಂಗೆ ದಡದ ಮಾಷ್ಟ್ರು · ಜೂನ್ 30, ಸಂಜೆ 4.40

ಮಳೆ ನಕ್ಷತ್ರದ ಮಾತು ಬಂದಿದ್ದಕ್ಕೆ ನಂದೂ ಒಂದು ಹೇಳ್ತೀನಿ, ಇದು ಬಹಳ ವರ್ಷದಿಂದ ಯಾರಿಗಾದ್ರೂ ಹೇಳ್ಬೇಕು ಅಂತ ಇತ್ತು.

ಶಿವಮೊಗ್ಗದ ನಮ್ಮ ಹಳೇ ಮನೇಲಿ ಒಂದು ಬಾವಿ, ಕಲ್ಲು ಕಟ್ಟಿದ್ದು, ಆಳ. ವರ್ಷವಿಡೀ ಒಳಗೆ ಕತ್ತಲೆ, ನೀರು ಕಾಣ್ಬೇಕಂದ್ರೆ ಕೊಡ ಬಿಟ್ಟು ಸದ್ದು ಕೇಳ್ಬೇಕು. ನಾನು ಹುಡುಗ ಇದ್ದಾಗ ಒಂದು ದಿನ, ಬೇಸಿಗೆ ರಜೆ, ಮಧ್ಯಾಹ್ನ ಊಟಕ್ಕೆ ಮುಂಚೆ ನೀರು ಸೇದೋಕೆ ಹೋದ್ರೆ ಬಾವಿ ತಳದಲ್ಲಿ ಹಂಡೆ ಬಾಯಿಯಷ್ಟು ದೊಡ್ಡ ಬೆಳಕಿನ ಬಿಲ್ಲೆ ಕುಣೀತಿದೆ. ಬಗ್ಗಿದ್ರೆ ಕಣ್ಣಿಗೆ ಹೊಡೀತು. ಬಾವಿ ಗೋಡೆ ಮೇಲಿನ ಜರೀಗಿಡ ಎಲ್ಲ ಹಸಿರು ಹಸಿರಾಗಿ ಹೊಳೀತಿದ್ವು, ಅವನ್ನ ಅವತ್ತೇ ಮೊದಲು ನೋಡಿದ್ದು. ಅಮ್ಮನ್ನ ಕರೆಯೋಷ್ಟರಲ್ಲಿ ಬೆಳಕು ಒಂದು ಕಡೆ ಗೋಡೆಗೆ ಹತ್ತಿ ಹೋಯ್ತು. ಮರುದಿನ ಕಾದೆ, ಚೂರು ಬಂತು, ಅದರ ಮೇಲೆ ಕೆಲವೇ ದಿನ, ಆಮೇಲೆ ಇಲ್ಲ.

ಮೇಷ್ಟ್ರಾದ ಮೇಲೆ ಗೊತ್ತಾಯ್ತು. ಮಕರ, ಕರ್ಕಾಟಕ ವೃತ್ತಗಳ ನಡುವಿನ ಊರುಗಳಿಗೆಲ್ಲ ವರ್ಷದಲ್ಲಿ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತಾರೆ. ಶಿವಮೊಗ್ಗಕ್ಕೆ ಅದು ಏಪ್ರಿಲ್ 27ರ ಆಸುಪಾಸು, ಹೊತ್ತು 12 ಗಂಟೆ 25 ನಿಮಿಷ. ಮತ್ತೆ ಆಗಸ್ಟ್ 15-16ರ ಸುಮಾರಿಗೆ ಇನ್ನೊಂದು ಸಲ, ಆಗ ಮೋಡ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅನ್ನೋನು ಈಜಿಪ್ಟಿನ ಸೈಯೀನ್ ಊರಲ್ಲಿ ಸೂರ್ಯ ನೆತ್ತಿಗೆ ಬಂದು ಬಾವಿ ತಳ ಬೆಳಗೋ ದಿನವೇ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಎಷ್ಟು ಓರೆ ಬೀಳುತ್ತೆ ಅಂತ ಅಳೆದು ಭೂಮಿಯ ಸುತ್ತಳತೆ ಹೇಳಿದ. ನಮ್ಮ ಬಾವಿಯೂ ಅದನ್ನೇ ಹೇಳ್ತಿತ್ತು, ಕೇಳೋರು ಇರ್ಲಿಲ್ಲ.

ಈಗ ನೋಡಿ, ಏಪ್ರಿಲ್ 27 ಅಂದ್ರೆ ಯಾವ ಮಳೆ ಹುಟ್ಟೋ ದಿನ? ಭರಣಿ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಅಂತೀವಲ್ಲ, ಅದೇ. ಸೂರ್ಯ ಶಿವಮೊಗ್ಗದ ನೆತ್ತಿಗೆ ಬರೋದೂ ಭರಣಿಗೆ ಕಾಲಿಡೋದೂ ಈ ಕಾಲದಲ್ಲಿ ಒಟ್ಟಿಗೇ ಬಿದ್ದಿದೆ. ಕಾಕತಾಳೀಯ, ಬೂಷ್ಟು ಅವರು ಹೇಳಿದ ಜಾರಾಟದಲ್ಲಿ ಮುಂದೆ ತಪ್ಪಿಹೋಗುತ್ತೆ. ಆದ್ರೂ ನಂಗೆ ಖುಷಿ.

ಬೂಷ್ಟು ಲೆನ್ಸ್ · ಜೂನ್ 30, ರಾತ್ರಿ 8.30

ಮಾಷ್ಟ್ರೇ ಆ ಬಾವಿ ಈಗಲೂ ಇದೆಯಾ?

ತುಂಗೆ ದಡದ ಮಾಷ್ಟ್ರು · ಜೂನ್ 30, ರಾತ್ರಿ 8.41

ಚಪ್ಪಡಿ ಹಾಕಿ ಮುಚ್ಚಿದ್ದಾರೆ. ಅದರ ಮೇಲೆ ಸ್ಕೂಟರ್ ನಿಲ್ಲಿಸ್ತಾರೆ.

ಬೆಂಗ್ಳೂರಿಗೆ ಹೋದವ · ಆಗಸ್ಟ್ 23, ಸಂಜೆ 6.30

ಹಳೇ ಥ್ರೆಡ್ ಎತ್ತಿದ್ದಕ್ಕೆ ಸಾರಿ. ಇವತ್ತು ಆಫೀಸಲ್ಲಿ ಚಂದ್ರಯಾನ-3 ಇಳಿದ ದಿನ ಅಂತ ಮಾತು ಬಂತು, 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಸುಮ್ನೆ ಕುತೂಹಲಕ್ಕೆ ಅವತ್ತು ಸೂರ್ಯ ಎಲ್ಲಿದ್ದ ಅಂತ ಆಪಲ್ಲಿ ಹಿಂದೆ ಹೋಗಿ ನೋಡಿದೆ. ಮಖಾ ಮಳೆ ನಡೀತಿತ್ತು, ಅದು ಗೊತ್ತಿದ್ದದ್ದೇ. ಆದ್ರೆ ಸೂರ್ಯ ಅವತ್ತೇ ಸರಿಯಾಗಿ ಮಖಾ ನಕ್ಷತ್ರದ ಪಕ್ಕದಲ್ಲಿದ್ದ, ಮಧ್ಯ ಅರ್ಧ ಡಿಗ್ರಿ, ಅಂದ್ರೆ ಒಂದು ಚಂದ್ರನ ಅಗಲದಷ್ಟೇ ಜಾಗ! ಜೂನಲ್ಲಿ ಇದೆಲ್ಲ ಜೋಡಿಸಿದ ಕಥೆ ಅಂದಿದ್ದೆ, ಮಾತು ವಾಪಸ್ ತಗೊಂಡೆ.

ಹೊಸನಗರದಕ್ಕ · ಆಗಸ್ಟ್ 23, ರಾತ್ರಿ 7.20

"ಮಖಾ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅಂತ ನಮ್ಮತ್ತೆ ಹೇಳಿದ್ರು, ನೀವು ಊರಿಗೆ ಬಂದ್ರೆ ಊಟಕ್ಕೆ ಬರ್ಬೇಕಂತೆ.

ಮಗಳ ಪ್ರಶ್ನೆ ಇನ್ನೊಂದಿದೆ, ಸೂರ್ಯನ್ನ ಕೈಯಲ್ಲಿ ಮುಚ್ಕೊಂಡು ಪಕ್ಕದ ನಕ್ಷತ್ರ ನೋಡಕ್ಕಾಗಲ್ವಾ ಅಂತ. ಬೇಡ ಅಂದೆ, ಕಣ್ಣು ಹೋಗುತ್ತೆ ಅಂದೆ. ಸರಿ ತಾನೆ?

ಬೂಷ್ಟು ಲೆನ್ಸ್ · ಆಗಸ್ಟ್ 23, ರಾತ್ರಿ 10.10

ಸರಿಯಾಗಿ ಹೇಳಿದ್ರಿ ಅಕ್ಕಾ, ಯಾವತ್ತೂ ಬೇಡ. ಕೈ ಅಡ್ಡ ಇಟ್ರೂ ಪ್ರಯೋಜನ ಇಲ್ಲ, ಗಾಳಿಯೇ ಬೆಳಕನ್ನ ಚೆಲ್ಲಾಡಿ ಆಕಾಶ ನೀಲಿ ಮಾಡಿರುತ್ತೆ, ನಕ್ಷತ್ರ ಅದರಲ್ಲಿ ಕರಗಿಹೋಗಿರುತ್ತೆ.

ಆದ್ರೆ ಮಗಳ ಐಡಿಯಾ ಪಕ್ಕಾ. ಗಾಳಿಯೇ ಇಲ್ಲದ ಕಡೆ ಹೋಗಿ ಸೂರ್ಯನ್ನ ಮುಚ್ಚಿದ್ರೆ ಕಾಣುತ್ತೆ. 1995ರಲ್ಲಿ ಹಾರಿಸಿದ ಸೋಹೋ ಅನ್ನೋ ನೌಕೆ ಮಾಡಿದ್ದು ಅದೇ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಕ್ಯಾಮರಾ ಮುಂದೆ ಬಿಲ್ಲೆ ಅಡ್ಡ ಇಟ್ಟು ಸೂರ್ಯನ್ನ ಮರೆ ಮಾಡಿ ಸುತ್ತ ಇರೋದನ್ನ ತೆಗೆಯುತ್ತೆ. ಅದರ ಮೇ ತಿಂಗಳ ಹಳೇ ಚಿತ್ರಗಳನ್ನ ನೆಟ್ಟಲ್ಲಿ ಹುಡುಕಿ, ಕೃತ್ತಿಕಾ ಮಳೆ ಸಮಯದ್ದು, ಮೇ 20ರ ಆಸುಪಾಸು. ಸೂರ್ಯನ ಪಕ್ಕ ಕೃತ್ತಿಕೆಯ ಆ ಪುಟ್ಟ ಗೊಂಚಲು ಹಾದು ಹೋಗ್ತಿರುತ್ತೆ! ಪಂಚಾಂಗದಲ್ಲಿ "ಮಹಾನಕ್ಷತ್ರ ಕೃತ್ತಿಕಾ" ಅಂತ ಅಚ್ಚಾಗಿರೋದು ಕಣ್ಣೆದುರಿಗೆ. ನಂಗಂತೂ ಮೊದಲ ಸಲ ನೋಡ್ದಾಗ ಮೈ ಜುಂ ಅಂತು. ನಮ್ಮ ಆದಿತ್ಯ ಎಲ್-1 ಇರೋದೂ ಅದೇ ಜಾಗದ ಸುತ್ತ, 2024ರ ಜನವರಿ 6ಕ್ಕೆ ಅಲ್ಲಿಗೆ ಸೇರ್ತು. ಅದರ ಕರೋನಾ (ಸೂರ್ಯನ ಹೊರ ಪದರ) ನೋಡೋ ಕ್ಯಾಮರಾ ಸೂರ್ಯನ ಅಂಚಿನ ಹತ್ರಾನೇ ನೋಡೋದು, ಹಾಗಾಗಿ ಕೃತ್ತಿಕೆ ಅದಕ್ಕೆ ಸಿಗಲ್ಲ. ಆರಿದ್ರಾ ಸೋಹೋಗೂ ಸಿಗಲ್ಲ, ಅದು ಸೂರ್ಯನ ದಾರಿಯಿಂದ 16 ಡಿಗ್ರಿ ದಕ್ಷಿಣಕ್ಕಿದೆ, ಆ ಕ್ಯಾಮರಾ ಎಲ್ಲ ಕಡೆಗೂ 8 ಡಿಗ್ರಿಯಷ್ಟೇ ನೋಡೋದು.

ಇಂಬಳ · ನವೆಂಬರ್ 9, ರಾತ್ರಿ 8.15

ಬೂಷ್ಟಣ್ಣ, ವಿಶಾಖ ಮಳೆ ಅಂತ ಹೆಸರಿಗಷ್ಟೇ, ಆಕಾಶ ತೊಳೆದಿಟ್ಟಂಗಿದೆ. ಟೆಲಿಸ್ಕೋಪ್ ತಗೊಳ್ಳೋಣ ಅಂತಿದೀನಿ, ಯಾವ್ದು ತಗೊಳ್ಳಿ? ಒಂದು ಕಡೆ 675 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಹಾಕಿದಾರೆ.

ಬೂಷ್ಟು ಲೆನ್ಸ್ · ನವೆಂಬರ್ 9, ರಾತ್ರಿ 9.00

ಬ್ಯಾಡ ಮಾರಾಯಾ! ನನ್ ಹೆಸರು ಎಲ್ಲಿಂದ ಬಂತು ಅಂದ್ಕೊಂಡೆ? ನಾನೂ ಅಂಥದ್ದೇ 60 ಮಿಲಿಮೀಟರಿಂದು ತಗೊಂಡಿದ್ದೆ. ಮುಂದಿನ ಲೆನ್ಸಿನ ಅಗಲ ಮಿಲಿಮೀಟರಲ್ಲಿ ಎಷ್ಟಿದೆಯೋ ಅದರ ಎರಡರಷ್ಟು ಪಟ್ಟು ದಾಟಿದ್ರೆ ಬರೀ ಮಬ್ಬು, ಅಂದ್ರೆ 120 ಪಟ್ಟು ಅಲ್ಲಿಗೆ ಮುಗೀತು, 675 ಅನ್ನೋದು ಡಬ್ಬಿ ಮೇಲೆ ಮಾತ್ರ. ಸ್ಟ್ಯಾಂಡ್ ಬೇರೆ ಉಸಿರು ಬಿಟ್ರೆ ಅಲ್ಲಾಡುತ್ತೆ. ಒಂದು ಮಳೆಗಾಲ ಬೀರುವಿನಲ್ಲಿಟ್ಟೆ, ದೀಪಾವಳಿಗೆ ತೆಗೆದು ನೋಡಿದ್ರೆ ಗಾಜಿನೊಳಗೆ ಜೇಡರ ಬಲೆ ಥರ ಬೂಷ್ಟು ಹಬ್ಬಿತ್ತು. ಮೊದಲು ಒಂದು 7x50 ಬೈನಾಕ್ಯುಲರ್ ತಗೊ, ಗಾಳಿಯಾಡದ ಡಬ್ಬೀಲಿ ಸಿಲಿಕಾ ಜೆಲ್ ಹಾಕಿಡು. ಕೃತ್ತಿಕೆ ನೋಡು ಅದ್ರಲ್ಲಿ. ಬರಿಗಣ್ಣಿಗೆ ಆರು ಕಾಣೋ ಕಡೆ ಹತ್ತಾರು ಕಾಣುತ್ತೆ.

ಹೊಸನಗರದಕ್ಕ · ಡಿಸೆಂಬರ್ 19, ರಾತ್ರಿ 11.40

ಪ್ರಾಮಿಸ್ ತೀರಿಸ್ದೆ!! ಎಲ್ರಿಗೂ ಹೇಳ್ಬೇಕು ಅಂತ ಕೈ ತೊಳ್ಕೊಂಡು ಬಂದು ಕೂತಿದೀನಿ, ಚೊಗರಿನ ಕಲೆ ಮಾತ್ರ ಹೋಗಲ್ಲ.

ಈಗ ನಮ್ಮನೇಲಿ ಅಡಿಕೆ ಸುಗ್ಗಿ. ರಾತ್ರಿ ಒಂಬತ್ತರವರೆಗೂ ಸುಲಿಯೋರು ಇರ್ತಾರೆ, ಅಂಗಳದ ಚಪ್ಪರದಡಿ ದೊಡ್ಡ ಬಲ್ಬು, ಹದಿನಾಲ್ಕು ಮೆಟ್ಟುಗತ್ತಿ ಸಾಲಾಗಿ. ಎಂಟೂಮುಕ್ಕಾಲಿಗೆ ಮಗಳು ಬಂದು "ಅಮ್ಮಾ ಕಾಣ್ತಿದೆ" ಅಂದ್ಲು. ಮೂಡಣ ದಿಕ್ಕಿಗೆ ತೋಟ, ಆರಿದ್ರಾ ಅಡಿಕೆ ಮರದ ತಲೆ ದಾಟಿ ಮೇಲೆ ಬಂದಿತ್ತು. ಬಲ್ಬಿನ ಬೆಳಕಿಗೆ ಸರಿ ಕಾಣ್ತಿರ್ಲಿಲ್ಲ, ಅವಳೇ ಹೋಗಿ ಸ್ವಿಚ್ ಆಫ್ ಮಾಡಿಬಿಟ್ಲು. ಸುಲಿಯೋರೆಲ್ಲ "ಯಾರೇ ಅದು, ಕೈ ಕುಯ್ಕಂತೀವಿ" ಅಂತ ಕೂಗಿದ್ರು. ಆಮೇಲೆ ಸುಮ್ನಾದ್ರು. ಒಂದೊಂದೇ ಕಣ್ಣು ಕತ್ತಲೆಗೆ ಹೊಂದ್ಕೊಂಡು ಮೂರು ನಕ್ಷತ್ರದ ಸಾಲು ಕಂಡಿತು, ಅದರ ಎಡಗಡೆ ಕೆಂಪಗೆ ಆರಿದ್ರಾ, ಬಲಗಡೆ ಬಿಳೀದೊಂದು. ಯಾಕೆ ಒಂದು ಕೆಂಪು ಒಂದು ಬಿಳಿ ಅಂದ್ಲು. ಹಂಡೆ ಒಲೇಲಿ ಕೆಂಡ ಇತ್ತು, ತೋರಿಸ್ದೆ, ಗ್ಯಾಸ್ ಒಲೆ ಉರಿ ನೀಲಿ ಅಲ್ವಾ, ಯಾವ್ದು ಜಾಸ್ತಿ ಬಿಸಿ ಅಂದೆ. "ಹಾಗಾದ್ರೆ ಆರಿದ್ರಾ ಕೆಂಡ" ಅಂದ್ಲು. ಸರಿಯಲ್ವಾ?

ನಮ್ಮಲ್ಲಿ ಸುಲಿಯೋಕೆ ಬರೋ ಅಜ್ಜಿ ಒಬ್ರು, ಎಪ್ಪತ್ತು ದಾಟಿದೆ, ಅಷ್ಟು ವರ್ಷ ಆರಿದ್ರಾ ಮಳೇಲಿ ಗದ್ದೆ ನಾಟಿ ಮಾಡಿದೋರು. ಕತ್ತೆತ್ತಿ ನೋಡ್ತಾ "ಹೌದನೇ, ಇದೇ ಏನೇ ಅದು" ಅಂದ್ರು ಎರಡು ಸಲ. ಬಲ್ಬ್ ಹಾಕಿದ ಮೇಲೂ ಸ್ವಲ್ಪ ಹೊತ್ತು ಕತ್ತಿಗೆ ಕೈ ಹಾಕ್ಲಿಲ್ಲ.

ಬೂಷ್ಟು ಲೆನ್ಸ್ · ಡಿಸೆಂಬರ್ 19, ರಾತ್ರಿ 11.55

ಮಗಳು ಹೇಳಿದ್ದು ನೂರಕ್ಕೆ ನೂರು. ಆರಿದ್ರಾ ಮೇಲ್ಮೈ ಸುಮಾರು 3,500 ಡಿಗ್ರಿ, ಪಕ್ಕದ ಆ ಬಿಳಿ ನಕ್ಷತ್ರ ರೈಜೆಲ್ 12,000ದ ಆಸುಪಾಸು. ಈಗ ಆಚೆ ಹೋಗಿ ನೋಡಿ ಅಕ್ಕಾ, ಇನ್ನರ್ಧ ಗಂಟೇಲಿ ಹೆಚ್ಚುಕಮ್ಮಿ ನಿಮ್ಮ ನೆತ್ತಿ ಮೇಲಿರುತ್ತೆ. ಸೂರ್ಯನಿಗೆ ಸರಿಯಾಗಿ ಎದುರು.

ಪಂಚಾಂಗದ ಮಾಣಿ · ಡಿಸೆಂಬರ್ 20, ಬೆಳಿಗ್ಗೆ 5.50

ಧನುರ್ಮಾಸದಲ್ಲಿ ಚಂದ್ರ ಆರಿದ್ರೆಗೆ ಬಂದ ದಿನ ಶಿವನ ದೇವಸ್ಥಾನಗಳಲ್ಲಿ ಆರ್ದ್ರಾ ದರ್ಶನ ಅಂತ ಮಾಡ್ತಾರೆ ಅಕ್ಕಾ. ನಿಮ್ಮ ಅಂಗಳದಲ್ಲಿ ಮೊದಲೇ ಆಯ್ತು.

ಹೊಸನಗರದಕ್ಕ · ಡಿಸೆಂಬರ್ 20, ಬೆಳಿಗ್ಗೆ 7.30

ಎದ್ದ ಕೂಡ್ಲೆ ಮಗಳ ಮುಂದಿನ ಪ್ರಶ್ನೆ, "ಹಾಗಾದ್ರೆ ಈಗ ಸೂರ್ಯನ ಹಿಂದೆ ಯಾವ್ದು?" ಪಂಚಾಂಗ ನೋಡಿ ಮೂಲಾ ಅಂದೆ. "ಮತ್ತೆ ಮೂಲಾ ಮಳೆ ಯಾಕಿಲ್ಲ?"

ಇಂಬಳ · ಡಿಸೆಂಬರ್ 20, ಬೆಳಿಗ್ಗೆ 7.34

ಹೆಸರೆತ್ತಬೇಡಿ ಅಂತ ಹೇಳಿ ಅವಳಿಗೆ! ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದೀವಿ.

ಹೊಸನಗರದಕ್ಕ · ಡಿಸೆಂಬರ್ 20, ಬೆಳಿಗ್ಗೆ 7.36

ನಮ್ಮಲ್ಲಿ ಈಗ್ಲೇ ಪಡುವಣದ ಕಡೆ ಚೂರು ಮೋಡ ಕಾಣ್ತಿದೆ ಮಾರಾಯಾ. ಟಾರ್ಪಾಲು ಹುಡುಕ್ತೀನಿ.